ತಾಳೆ ನೋಡುವ ಯಂತ್ರಕ್ಕೂ ಬೇಕು ಕೈಪಿಡಿ

ಕೊಡಬೇಕಾದ ಹಣಕ್ಕೂ ಕೊಟ್ಟ ಹಣಕ್ಕೂ ತಾಳೆ ನೋಡುವುದು ಲೆಕ್ಕಪತ್ರದಷ್ಟೇ ಹಳೆಯ ಕೆಲಸ. ಬಿಲ್ಲು ಒಂದು ಕಡೆ, ಪಾವತಿಯ ದಾಖಲೆ ಇನ್ನೊಂದು ಕಡೆ. ಎರಡೂ ಹೊಂದಿದರೆ ಬಾಕಿ ತೀರಿತು. ಹೊಂದದಿದ್ದರೆ ಎಲ್ಲಿ ತಪ್ಪಿತೆಂದು ಹುಡುಕಬೇಕು. ಗುಮಾಸ್ತರು ಮಾಡುತ್ತ ಬಂದ ಈ ಕೆಲಸವನ್ನು ಈಗ ಕೃತಕ ಬುದ್ಧಿಮತ್ತೆಯ 'ಏಜೆಂಟ್'ಗಳಿಗೆ, ಎಂದರೆ ಒಪ್ಪಿಸಿದ ಕೆಲಸವನ್ನು ಹಂತಹಂತವಾಗಿ ತಾವೇ ಮಾಡುವ ತಂತ್ರಾಂಶಗಳಿಗೆ, ವಹಿಸತೊಡಗಿದ್ದಾರೆ. ಬಿಲ್ಲು ಹುಡುಕಲು ಒಂದು, ಪಾವತಿಗಳ ಪಟ್ಟಿ ತರಲು ಒಂದು, ಎರಡನ್ನೂ ಜೋಡಿಸಲು ಮತ್ತೊಂದು ಎಂಬಂತೆ ಏಜೆಂಟಿಗೆ ಸಣ್ಣಪುಟ್ಟ ಸಲಕರಣೆಗಳನ್ನು ಕೊಡಲಾಗುತ್ತದೆ. ಯಾವ ಸಲಕರಣೆ ಏನು ಮಾಡುತ್ತದೆಂದು ಅದು ತಿಳಿಯುವುದು ಜೊತೆಗಿಟ್ಟ ವಿವರಣೆಯನ್ನು ಓದಿ. ಆ ವಿವರಣೆಗೆ ಎಷ್ಟು ಬೆಲೆಯಿದೆ ಎಂಬುದನ್ನು ಇಂಗ್ಲೆಂಡಿನ ಚರಿತ್ರೆಯ ಎರಡು ಪ್ರಸಂಗಗಳು ಹೇಳುತ್ತವೆ.

ಮೊದಲನೆಯದು 12ನೆಯ ಶತಮಾನದ್ದು. ದೊರೆ ಎರಡನೆಯ ಹೆನ್ರಿಯ ಖಜಾನೆಗೆ 'ಎಕ್ಸ್‌ಚೆಕರ್' ಎಂದು ಹೆಸರು. ಹತ್ತು ಅಡಿ ಉದ್ದ, ಐದು ಅಡಿ ಅಗಲದ ಮೇಜಿನ ಮೇಲೆ ಚೌಕಳಿ ಗೆರೆಗಳ ಬಟ್ಟೆ ಹಾಸಿ, ಬಿಲ್ಲೆಗಳನ್ನಿಟ್ಟು ಅಲ್ಲಿ ಲೆಕ್ಕ ಮಾಡುತ್ತಿದ್ದರು. ಚದುರಂಗದ ಹಾಸಿನಂತಿದ್ದ ಆ ಬಟ್ಟೆಯಿಂದಲೇ ಆ ಹೆಸರು ಬಂದಿತು. ಪ್ರಾಂತದ ವಸೂಲಿ ಅಧಿಕಾರಿಯಾದ ಶೆರೀಫ್ ಈಸ್ಟರ್ ಹೊತ್ತಿಗೆ ಒಂದಿಷ್ಟು ಹಣ ಕಟ್ಟಿ, ಸೆಪ್ಟೆಂಬರ್ ಕೊನೆಯಲ್ಲಿ ಪೂರ್ತಿ ಲೆಕ್ಕ ಒಪ್ಪಿಸಬೇಕಿತ್ತು. ಕಟ್ಟಿದ ಹಣಕ್ಕೆ ರಸೀದಿ ಎಂದರೆ ಗೀರು ಹಾಕಿದ ಮರದ ಕೋಲು. ಸಾವಿರ ಪೌಂಡಿಗೆ ಅಂಗೈ ದಪ್ಪದ ಗೀರು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಾರ್ಲಿ ಕಾಳಿನಷ್ಟು. ಕೋಲನ್ನು ಉದ್ದಕ್ಕೆ ಸೀಳಿ ಒಂದು ಭಾಗವನ್ನು ಹಣ ಕಟ್ಟಿದವನಿಗೆ ಕೊಟ್ಟು, ಇನ್ನೊಂದನ್ನು ಖಜಾನೆಯಲ್ಲಿ ಇಡುತ್ತಿದ್ದರು. ಲೆಕ್ಕದ ದಿನ ಎರಡನ್ನೂ ಜೋಡಿಸಿದಾಗ ಗೀರುಗಳು ಕೂಡಿದರೆ ಲೆಕ್ಕ ಸರಿ. ಓದು ಬಾರದವನೂ ಕಣ್ಣಾರೆ ನೋಡಿ ಒಪ್ಪಬಹುದಾದ ಸಾಕ್ಷ್ಯವಿದು.

ಈ ವಿವರಗಳೆಲ್ಲ ಇಂದು ನಮಗೆ ತಿಳಿದಿರುವುದು ಖಜಾಂಚಿ ರಿಚರ್ಡ್ ಫಿಟ್ಸ್‌ನೀಲ್ 1170ರ ದಶಕದ ಕೊನೆಯಲ್ಲಿ ಬರೆಯತೊಡಗಿದ 'ಎಕ್ಸ್‌ಚೆಕರ್ ಸಂವಾದ' ಎಂಬ ಲ್ಯಾಟಿನ್ ಗ್ರಂಥದಿಂದ. ಶಿಷ್ಯ ಕೇಳುತ್ತಾನೆ, ಗುರು ಹೇಳುತ್ತಾನೆ. ಮೇಜು, ಬಟ್ಟೆ, ಕೋಲು, ಯಾವ ಅಧಿಕಾರಿ ಎಲ್ಲಿ ಕೂರಬೇಕು, ಯಾರ ಹೊಣೆ ಏನು ಎಂಬುದೆಲ್ಲ ಅದರಲ್ಲಿದೆ. ಬಲ್ಲವರೊಡನೆಯೇ ಅವರ ಬಲ್ಮೆಯೂ ಮಣ್ಣುಪಾಲಾಗಬಾರದು ಎಂಬುದೇ ಅದರ ಉದ್ದೇಶ. ಕೋಲುಗಳ ಬಳಕೆ 1826ರವರೆಗೂ ನಡೆಯಿತು. ಹಳೆಯ ಕೋಲುಗಳನ್ನು 1834ರ ಅಕ್ಟೋಬರ್ 16ರಂದು ಪಾರ್ಲಿಮೆಂಟಿನ ಒಲೆಗಳಲ್ಲಿ ಸುಡಲು ಹೋಗಿ ಕಟ್ಟಡವೇ ಬೆಂಕಿಗೆ ಆಹುತಿಯಾಯಿತು. ಗ್ರಂಥ ಉಳಿಯಿತು.

ಎರಡನೆಯ ಪ್ರಸಂಗ ನೋವಿನದು. 1999ರಿಂದ ಬ್ರಿಟನ್ನಿನ ಅಂಚೆ ಕಚೇರಿಗಳಿಗೆ 'ಹೊರೈಜನ್' ಎಂಬ ಗಣಕ ವ್ಯವಸ್ಥೆ ಬಂದಿತು. ಅದನ್ನು ನಡೆಸುತ್ತಿದ್ದುದು ಫುಜಿತ್ಸು ಸಂಸ್ಥೆ. ಗಣಕ ತೋರಿಸುವ ಮೊತ್ತಕ್ಕೂ ಪೆಟ್ಟಿಗೆಯಲ್ಲಿದ್ದ ನಗದಿಗೂ ತಾಳೆ ತಪ್ಪತೊಡಗಿತು. ಕೊರತೆ ಬಿದ್ದ ಹಣವನ್ನು ಶಾಖೆ ನಡೆಸುತ್ತಿದ್ದ ಸಬ್ ಪೋಸ್ಟ್‌ಮಾಸ್ಟರುಗಳೇ ತುಂಬಬೇಕೆಂದು ಅಂಚೆ ಸಂಸ್ಥೆ ಪಟ್ಟು ಹಿಡಿಯಿತು. ಹಲವರು ಮನೆಮಾರು ಕಳೆದುಕೊಂಡರು. 900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕ ಮೊದಲಾದ ಅಪರಾಧಗಳಿಗಾಗಿ ತಪ್ಪಿತಸ್ಥರೆನಿಸಿದರು. ಕೆಲವರು ಸೆರೆಮನೆ ಕಂಡರು. ಗಣಕದ ದಾಖಲೆಯನ್ನು ಸಾಕ್ಷ್ಯವಾಗಿ ಒಡ್ಡುವವರು ಗಣಕ ಸರಿಯಾಗಿತ್ತೆಂದು ತೋರಿಸಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ 1999ರ ಕಾಯಿದೆಯಿಂದ ರದ್ದಾಗಿದ್ದುದು ಆರೋಪಿಗಳಿಗೆ ಇನ್ನಷ್ಟು ಮುಳುವಾಯಿತು.

ವಿಷಾದದ ಸಂಗತಿಯೆಂದರೆ, ಹೊರೈಜನ್‌ನಲ್ಲಿ ಕಂಡುಬಂದ ದೋಷಗಳನ್ನು ಫುಜಿತ್ಸು ಬರೆದಿಟ್ಟಿತ್ತು. 'ತಿಳಿದಿರುವ ದೋಷಗಳ ದಾಖಲೆ' ಎಂದೇ ಅದಕ್ಕೆ ಹೆಸರು. ಆದರೆ ಯಾರ ಬದುಕು ಅದನ್ನು ಅವಲಂಬಿಸಿತ್ತೋ ಅವರ ಕೈಗೆ ಅದು ಸಿಗಲಿಲ್ಲ. ಶಾಖೆಯ ಲೆಕ್ಕವನ್ನು ಫುಜಿತ್ಸು ಸಿಬ್ಬಂದಿ ದೂರದಿಂದಲೇ ತಿದ್ದಬಹುದಿತ್ತೆಂಬುದೂ ನ್ಯಾಯಾಲಯದಲ್ಲಿ ಹೊರಬಿತ್ತು. ಕೊರತೆಗಳಿಗೆ ಗಣಕದ ದೋಷ ಕಾರಣವಾಗಿರಬಹುದೆಂದು 2019ರಲ್ಲಿ ಹೈಕೋರ್ಟ್ ತೀರ್ಪಿತ್ತಿತು. 2021ರ ಏಪ್ರಿಲ್‌ನಲ್ಲಿ 39 ಮಂದಿಯ ಶಿಕ್ಷೆ ರದ್ದಾಯಿತು. ಉಳಿದ ನೂರಾರು ಮಂದಿಗಾಗಿ 2024ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಬೇಕಾಯಿತು.

ಈಗ ಮೂರನೆಯ ಘಟ್ಟ. ಏಜೆಂಟುಗಳಿಗೆ ಸಲಕರಣೆಗಳನ್ನು ಜೋಡಿಸಲು 2024ರ ನವೆಂಬರ್‌ನಲ್ಲಿ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಎಂಬ ಸಾಮಾನ್ಯ ಪದ್ಧತಿಯೊಂದು ಪ್ರಕಟವಾಯಿತು. ಅದರಲ್ಲಿ ಪ್ರತಿ ಸಲಕರಣೆಗೂ ಹೆಸರಿನ ಜೊತೆಗೆ ವಿವರಣೆ ಬರೆಯಲು ಜಾಗವಿದೆ. ಅಲ್ಲಿ ಒಂದು ಮಾತು ಬಿಟ್ಟುಹೋದರೂ ಪೆಟ್ಟು ಬೀಳುವುದು ಹಣಕ್ಕೆ. ಮೊತ್ತವನ್ನು ಪೈಸೆಯಲ್ಲಿ ಹೇಳುವುದು ಪಾವತಿ ತಂತ್ರಾಂಶಗಳಲ್ಲಿ ಸಾಮಾನ್ಯ. 500 ರೂಪಾಯಿ ಅಲ್ಲಿ 50000. ಇದನ್ನು ಬರೆಯದಿದ್ದರೆ ಏಜೆಂಟು 50,000 ರೂಪಾಯಿ ಎಂದುಕೊಂಡೀತು. ಉತ್ತರ ಬರದಿದ್ದಾಗ ಮತ್ತೊಮ್ಮೆ ಯತ್ನಿಸಿದರೆ ಅದೇ ಬಿಲ್ಲಿಗೆ ಎರಡು ಬಾರಿ ಹಣ ಹೋಗುತ್ತದೆಯೇ? 'ಬಾಕಿಯಿದೆ' ಎಂಬ ಸೂಚನೆ ಹಣ ಹೋಗಿಲ್ಲ ಎಂದೇ, ಅಥವಾ ದಾರಿಯಲ್ಲಿದೆ ಎಂದೇ? ಹೊಂದದ ಲೆಕ್ಕವನ್ನು ಏಜೆಂಟು ತಾನೇ ತಿದ್ದಬಹುದೇ, ಇಲ್ಲವೇ ಮನುಷ್ಯನೊಬ್ಬನಿಗೆ ಒಪ್ಪಿಸಬೇಕೇ? ಅನುಭವಿ ಗುಮಾಸ್ತನಾದರೆ ಅನುಮಾನ ಬಂದಾಗ ಪಕ್ಕದವನನ್ನು ಕೇಳುತ್ತಿದ್ದ. ಏಜೆಂಟಿಗೆ ಆಧಾರ ಆ ನಾಲ್ಕು ಸಾಲು.

ಆದ್ದರಿಂದ ಇಂಥ ಕೈಪಿಡಿ ಬರೆಯುವುದನ್ನು ಕೊನೆಗಳಿಗೆಯ ಕೆಲಸವೆಂದು ಬಗೆಯುವಂತಿಲ್ಲ. ಸಲಕರಣೆ ಏನು ಮಾಡುತ್ತದೆ ಎಂಬುದರ ಜೊತೆಗೆ ಎಲ್ಲಿ ಎಡವುತ್ತದೆ, ತಿದ್ದಿದ್ದು ಯಾರೆಂದು ಎಲ್ಲಿ ದಾಖಲಾಗುತ್ತದೆ ಎಂಬುದೂ ಅದರಲ್ಲಿ ಇರಬೇಕು. ಏಜೆಂಟು ಓದಿದ್ದನ್ನು ಲೆಕ್ಕಕ್ಕೆ ಸಿಕ್ಕಿದ ಮನುಷ್ಯನೂ ಓದುವಂತಿರಬೇಕು. ಅರ್ಧ ಕೋಲು ಖಜಾನೆಯಲ್ಲಿದ್ದಾಗ ಉಳಿದರ್ಧ ಹಣ ಕಟ್ಟಿದವನ ಕೈಯಲ್ಲೇ ಇರುತ್ತಿತ್ತು. ಹೊರೈಜನ್ ಕಾಲದಲ್ಲಿ ಸಬ್ ಪೋಸ್ಟ್‌ಮಾಸ್ಟರನ ಕೈಯಲ್ಲಿ ಹಾಗೆ ಏನೂ ಇರಲಿಲ್ಲ.