ಹೆಸರು ಬದಲಾಯಿತು, ಕೇರಿ ಬದಲಾಯಿತೇ?



ನಾಣ್ಯವು ಕೈಯಿಂದ ಕೈಗೆ ದಾಟುತ್ತ ಸವೆಯುವಂತೆ ಮಾತೂ ಬಾಯಿಂದ ಬಾಯಿಗೆ ದಾಟುತ್ತ ಸವೆಯುತ್ತದೆ. ಸವೆದ ನಾಣ್ಯವನ್ನು ಹಿಂದಕ್ಕೆ ಪಡೆದು ಟಂಕಸಾಲೆಯವರು ಹೊಸದನ್ನು ಅಚ್ಚು ಹಾಕುತ್ತಾರೆ. ಸಮಾಜವೂ ಹಳೆಯ ಹೆಸರನ್ನು ಬಿಟ್ಟು ಹೊಸ ಹೆಸರನ್ನು ಚಲಾವಣೆಗೆ ತರುತ್ತದೆ. ಆದರೆ ಹೊಸ ಹೆಸರಿನ ಹಿಂದೆ ಹೊಸ ನಡತೆ ಇದೆಯೇ ಎಂಬುದೇ ಪ್ರಶ್ನೆ. ಊರ ಹೊರಗೆ ಇರಿಸಲ್ಪಟ್ಟ ನಮ್ಮ ಅಣ್ಣತಮ್ಮಂದಿರನ್ನು ಕಳೆದ ಒಂದು ಶತಮಾನಕ್ಕೂ ಮಿಕ್ಕ ಕಾಲದಲ್ಲಿ ಈ ದೇಶ ಯಾವ ಯಾವ ಹೆಸರಿನಿಂದ ಕರೆಯಿತು ಎಂಬುದನ್ನು ಇಂದು ನಾವು ವಿಚಾರ ಮಾಡೋಣ.

ಮೊದಲಿದ್ದ ಮಾತು ಅಸ್ಪೃಶ್ಯ, ಅಂದರೆ ಮುಟ್ಟಬಾರದವನು. ಇದು ಆ ಮನುಷ್ಯನ ಗುಣವನ್ನು ಹೇಳುವ ಮಾತಲ್ಲ. ಮುಟ್ಟಲೊಲ್ಲದವನ ಮನಸ್ಸನ್ನು ಹೇಳುವ ಮಾತು. ರೋಗವಿದ್ದದ್ದು ಒಬ್ಬನಲ್ಲಿ, ಅದರ ಹೆಸರನ್ನು ಹೊತ್ತವನು ಇನ್ನೊಬ್ಬ! ಪಂಚಮ ಎಂಬ ಹೆಸರೂ ಬಳಕೆಯಲ್ಲಿತ್ತು. ನಾಲ್ಕು ವರ್ಣಗಳ ಲೆಕ್ಕ ಮುಗಿದ ಮೇಲೆ ಹೊರಗುಳಿದ ಐದನೆಯವನು ಎಂದು ಅದರ ಅರ್ಥ. ಎಣಿಕೆಗೆ ಬಂದನು, ಪಂಕ್ತಿಗೆ ಬರಲಿಲ್ಲ.

ಆಂಗ್ಲರ ಆಳ್ವಿಕೆಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಂಬ ಮಾತು ಬಂದಿತು. ಕೆಳಕ್ಕೆ ಅದುಮಲ್ಪಟ್ಟವರು ಎಂದು ಅದರ ಭಾವ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಇದೇ ಹೆಸರಿನ ಮಿಷನ್ ಸ್ಥಾಪಿಸಿ, ಈ ಮಕ್ಕಳ ವಿದ್ಯೆಗಾಗಿ ಸ್ವಜನರ ನಿಂದೆಯನ್ನು ಸಹಿಸಿದರು. ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಮುಂಬಯಿಯಲ್ಲಿ ಅಂಥದೇ ಸಂಸ್ಥೆ ಕಟ್ಟಿದರು. ಈ ಮಹನೀಯರ ಸೇವೆ ದೊಡ್ಡದು. ಆದರೂ ಆ ಹೆಸರು ಮೇಲೆ ನಿಂತವರು ಕೆಳಗೆ ನೋಡಿ ಕೊಟ್ಟ ಹೆಸರಾಗಿತ್ತು.

ಆ ಮೇಲೆ ಆ ಜನರೇ ಬಾಯಿ ತೆರೆದರು. ನಾವು ಐದನೆಯವರಲ್ಲ, ಈ ನೆಲದ ಮೊದಲಿಗರು ಎಂದರು. 1922ರಲ್ಲಿ ಮದರಾಸಿನ ಶಾಸನಸಭೆಯಲ್ಲಿ ಎಂ. ಸಿ. ರಾಜಾ ಅವರು, ಪಂಚಮ ಮೊದಲಾದ ಹೆಸರುಗಳನ್ನು ಬಿಟ್ಟು ಆದಿದ್ರಾವಿಡ ಎಂಬಂಥ ಹೆಸರು ಬಳಸಬೇಕೆಂದು ನಿರ್ಣಯ ತಂದರು. ಮೈಸೂರು ಸಂಸ್ಥಾನದಲ್ಲಿ ಆದಿಕರ್ನಾಟಕ ಎಂಬ ಹೆಸರು ರೂಢಿಗೆ ಬಂದಿತು. ಕೊನೆಯಲ್ಲಿ ಕೂರಿಸಿದವರು ತಾವು ಆದಿಯವರೆಂದು ಹೇಳಿದ್ದು ಸಣ್ಣ ಮಾತಲ್ಲ.

1932ರ ಸೆಪ್ಟೆಂಬರಿನಲ್ಲಿ ಯರವಡಾ ಸೆರೆಮನೆಯಲ್ಲಿ ಗಾಂಧೀಜಿಯವರು ಉಪವಾಸ ಕೈಕೊಂಡರು, ಪುಣೆ ಒಪ್ಪಂದವಾಯಿತು. ಅಲ್ಲಿಂದ ಮುಂದೆ ಹರಿಜನ ಎಂಬ ಹೆಸರು ದೇಶದ ತುಂಬ ಹರಡಿತು. 1933ರಲ್ಲಿ ಅದೇ ಹೆಸರಿನ ಪತ್ರಿಕೆ ಹೊರಟಿತು. ಹರಿಯ ಜನ ಎಂಬುದು ಭಕ್ತಿಯ ಮಾತು. ಕೊಟ್ಟವರ ಹೃದಯ ಶುದ್ಧವಾಗಿತ್ತು. ಆದರೆ ಡಾಕ್ಟರ್ ಅಂಬೇಡ್ಕರರು ಇದನ್ನು ಒಪ್ಪಲಿಲ್ಲ. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಈ ಪದವನ್ನು ಕಾನೂನಿನೊಳಗೆ ಸೇರಿಸಲು ಹೊರಟಾಗ ಅವರೂ ಅವರ ಪಕ್ಷದವರೂ ಸಭಾತ್ಯಾಗ ಮಾಡಿದರು. ಒಂದು ಜನಕ್ಕೆ ಹೆಸರಿಡುವಾಗ ಆ ಜನವನ್ನೇ ಕೇಳಬೇಡವೇ? ಹರಿಯ ಜನ ಇವರೊಬ್ಬರೇ ಆದರೆ ಉಳಿದವರೆಲ್ಲ ಯಾರ ಜನ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹೆಸರು ದೇವರದಾದರೂ ಕರೆಯುವ ದನಿ ಹಳೆಯದೇ ಆದ್ದರಿಂದ, ಆ ಪವಿತ್ರ ಮಾತೂ ಹಳ್ಳಿಹಳ್ಳಿಗಳಲ್ಲಿ ಬೈಗುಳಕ್ಕೆ ಸಮನಾಗಿ ಇಳಿಯಿತು. ಸರ್ಕಾರಿ ಕಾಗದಪತ್ರಗಳಲ್ಲಿ ಅದನ್ನು ಬಳಸಬಾರದೆಂದು 1982ರಲ್ಲಿ ಕೇಂದ್ರ ಸರ್ಕಾರವೇ ಸೂಚಿಸಬೇಕಾಯಿತು.

ಇನ್ನು ಕಾನೂನು ಕೊಟ್ಟ ಹೆಸರು ಪರಿಶಿಷ್ಟ ಜಾತಿ. ಪರಿಶಿಷ್ಟ ಎಂದರೆ ಗ್ರಂಥದ ಕೊನೆಗೆ ಹಚ್ಚಿದ ಪಟ್ಟಿ. 1935ರ ಭಾರತ ಸರ್ಕಾರದ ಕಾಯಿದೆಯಲ್ಲಿ ಈ ಕ್ರಮ ಆರಂಭವಾಯಿತು. ಸ್ವತಂತ್ರ ಭಾರತದ ಸಂವಿಧಾನ ಅದನ್ನು ಮುಂದುವರಿಸಿತು. ಇದು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಹಕ್ಕನ್ನು ಪಡೆಯಲು ಬೇಕಾದ ಗುರುತು. ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಅದಕ್ಕೆ ಅನುಗುಣವಾಗಿ 1955ರಲ್ಲಿ ಬಂದ ಕಾಯಿದೆಗೆ ಮೊದಲು ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಎಂದು ಹೆಸರಿತ್ತು. 1976ರಲ್ಲಿ ಅದನ್ನು ತಿದ್ದಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಕರೆದರು. ಮೊದಲ ಹೆಸರು ಮಾಡಿದವನ ತಪ್ಪನ್ನು ನೋಡಿತು. ಎರಡನೆಯದು ನೊಂದವನ ಹಕ್ಕನ್ನು ನೋಡಿತು. ಮಾತು ಹೀಗೆ ಬದಲಾದರೆ ಅದು ಒಳ್ಳೆಯ ಬದಲಾವಣೆ.

1972ರಲ್ಲಿ ಮುಂಬಯಿಯ ತರುಣರು ದಲಿತ ಪ್ಯಾಂಥರ್ಸ್ ಎಂಬ ಸಂಘಟನೆ ಕಟ್ಟಿದರು. ಆ ದಶಕದಲ್ಲಿಯೇ ನಮ್ಮ ನಾಡಿನಲ್ಲಿ ದಲಿತ ಸಂಘರ್ಷ ಸಮಿತಿ ಎದ್ದಿತು. ದಲಿತ ಎಂದರೆ ತುಳಿತಕ್ಕೆ ಸಿಕ್ಕವನು. ಬಂಧುಗಳೇ, ಇಲ್ಲಿ ಸೂಕ್ಷ್ಮವಾಗಿ ನೋಡಬೇಕು. 1897ರ ಡಿಪ್ರೆಸ್ಡ್ ಎಂಬ ಮಾತಿಗೂ ಇದಕ್ಕೂ ಅರ್ಥದಲ್ಲಿ ಹೆಚ್ಚು ಅಂತರವಿಲ್ಲ. ಆದರೆ ಅಂದು ಆ ಮಾತನ್ನು ಆಡಿದವರು ಪರರು. ಇಂದು ತುಳಿತಕ್ಕೆ ಸಿಕ್ಕವರೇ ಎದ್ದು ನಿಂತು, ನಮ್ಮನ್ನು ತುಳಿದವರು ಯಾರೆಂದು ಕೇಳುತ್ತಿದ್ದಾರೆ. ಸಿದ್ಧಲಿಂಗಯ್ಯನವರು 1975ರಲ್ಲಿ ತಮ್ಮ ಕವಿತೆಗಳಿಗೆ ಹೊಲೆಮಾದಿಗರ ಹಾಡು ಎಂದು ಹೆಸರಿಟ್ಟರು. ಯಾವುದನ್ನು ಜನ ಹೀನಾಯದ ಮಾತಾಗಿ ಮಾಡಿದ್ದರೋ ಅದನ್ನೇ ಅವರು ತಲೆಯೆತ್ತಿ ಆಡಿದರು. 2018ರಲ್ಲಿ ಕೇಂದ್ರ ಸರ್ಕಾರವು ಸುದ್ದಿವಾಹಿನಿಗಳಿಗೆ ದಲಿತ ಎಂಬುದರ ಬದಲು ಪರಿಶಿಷ್ಟ ಜಾತಿ ಎನ್ನಬೇಕೆಂದು ಸೂಚಿಸಿದಾಗ ಆ ಜನರಲ್ಲಿಯೇ ಅನೇಕರು ಆಕ್ಷೇಪಿಸಿದರು. ತಾವೇ ಆರಿಸಿಕೊಂಡ ಹೆಸರನ್ನು ಯಾರು ತಾನೆ ಸುಲಭವಾಗಿ ಬಿಟ್ಟುಕೊಟ್ಟಾರು?

ಈಗ ಕಲ್ಯಾಣದ ಕಡೆಗೆ ತಿರುಗೋಣ. ಹನ್ನೆರಡನೆಯ ಶತಮಾನದ ಶರಣರು ಮಾದಾರ, ಡೋಹರ, ಅಂಬಿಗರ, ಮಡಿವಾಳ ಎಂಬ ಹೆಸರುಗಳನ್ನು ಅಳಿಸಲಿಲ್ಲ, ಮುಚ್ಚಿಡಲೂ ಇಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂದೇ ಕರೆದು ಗೌರವಿಸಿದರು. ಬಸವಣ್ಣನವರು ಅವರೊಡನೆ ನಂಟು ಹೇಳಿಕೊಂಡರು, ಅವರ ಮನೆಯವನು ತಾನೆಂದರು. ಹರಳಯ್ಯ ಮಧುವರಸರ ಮನೆಗಳ ನಡುವೆ ನಡೆದ ಸಂಬಂಧಕ್ಕಾಗಿ ಶರಣರು ಪ್ರಾಣವನ್ನೇ ತೆತ್ತರೆಂದು ನಮ್ಮ ಪರಂಪರೆ ಹೇಳುತ್ತದೆ. ಹೆಸರು ಹಳೆಯದೇ ಉಳಿಯಿತು; ನಡತೆ ಹೊಸದಾದುದರಿಂದ ಹೆಸರಿಗೇ ಕಾಂತಿ ಬಂದಿತು.

ಇದಕ್ಕೆ ವಿರುದ್ಧವಾದದ್ದೂ ನಮ್ಮ ಮನೆಯಲ್ಲಿಯೇ ನಡೆದಿದೆ. ಜಂಗಮ ಎಂದರೆ ಚಲಿಸುವುದು, ಸ್ಥಾವರಕ್ಕೆ ಎದುರಾದುದು. ಅರಿವು ಆಚಾರಗಳಿಂದ ದೊರೆಯುವ ಆ ಪದವಿ ಮುಂದಿನ ಕಾಲದಲ್ಲಿ ಹುಟ್ಟಿನಿಂದ ಬರುವ ಒಂದು ಪಂಗಡದ ಹೆಸರಾಯಿತು. ಚಲಿಸಬೇಕಾದ ಮಾತೇ ಸ್ಥಾವರವಾಗಿ ಕುಳಿತುಬಿಟ್ಟಿತು! ಮಾತು ಅದೇ, ತಿರುಳು ಹೋಯಿತು.

ಆದುದರಿಂದ ಭಕ್ತರಾದವರು ಎರಡು ಮಾತು ನೆನಪಿಡಬೇಕು. ಯಾರನ್ನೇ ಆಗಲಿ ಅವರು ಒಪ್ಪಿದ ಹೆಸರಿನಿಂದ ಕರೆಯಿರಿ. ಅದು ಕನಿಷ್ಠ ಮರ್ಯಾದೆ. ಅಷ್ಟಕ್ಕೇ ನಿಲ್ಲಬೇಡಿ. ಇಷ್ಟು ಹೆಸರು ಬದಲಾದ ಮೇಲೂ ಆ ಕೇರಿ ಊರ ಹೊರಗೇ ಇದ್ದರೆ, ಚಹದಂಗಡಿಯಲ್ಲಿ ಲೋಟ ಬೇರೆ ಇದ್ದರೆ, ದಾಸೋಹದ ಪಂಕ್ತಿಯಲ್ಲಿ ಪಕ್ಕದವನ ಕುಲವನ್ನು ಕಣ್ಣು ಹುಡುಕುತ್ತಿದ್ದರೆ, ನಾವು ಬದಲಾಯಿಸಿದ್ದು ಬರಿಯ ಹಲಗೆಯ ಮೇಲಿನ ಅಕ್ಷರ. ಹೆಸರನ್ನು ಬದಲಿಸಲು ನಾಲಗೆ ಸಾಕು. ಬಾಗಿಲು ತೆರೆದು ಒಳಕರೆಯಲು ಎದೆ ಬೇಕು. ಆ ಎದೆಯನ್ನು ಬಸವಾದಿ ಪ್ರಮಥರು ನಮಗೆಲ್ಲರಿಗೂ ಕರುಣಿಸಲಿ.