ಕಿವಿಗೆ ದಕ್ಕಿದ ಕಾವ್ಯ, ದಕ್ಕದ ಗದ್ಯ

ಮೊಬೈಲ್ ಆ್ಯಪ್‌ ಬಂದ ಮೇಲೆಯೇ ಕನ್ನಡಿಗರು ಸಾಹಿತ್ಯವನ್ನು ಕೇಳಲು ಕಲಿತರು ಎಂಬ ಮಾತು ಈಚೆಗೆ ಸಭೆಗಳಲ್ಲಿ ಧಾರಾಳವಾಗಿ ಓಡಾಡುತ್ತಿದೆ. ಹಾಗೆನ್ನುವವರಿಗೆ ಗದುಗಿನ ಭಾರತ ಮರೆತಿರಬೇಕು. ಕುಮಾರವ್ಯಾಸ, ಲಕ್ಷ್ಮೀಶರ ಷಟ್ಪದಿಗಳು ಜಗಲಿ, ಗುಡಿಗಳಲ್ಲಿ ಉಳಿದು ಬಂದದ್ದೇ ವಾಚನ-ವ್ಯಾಖ್ಯಾನದಿಂದ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಆಕಾಶವಾಣಿ, ಆಮೇಲೆ ಧಾರವಾಡ, ಬೆಂಗಳೂರಿನ ನಿಲಯಗಳು ಬಾನುಲಿಯ ಮೂಲಕ ಆ ವಾಚನವನ್ನು ಮನೆಯೊಳಕ್ಕೆ ತಂದವು.

ಆ ನಿಲಯಗಳಲ್ಲಿ ಸ್ಪೂಲ್ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದ ತಲೆಮಾರು ನಮ್ಮದು. ಕಾವ್ಯ ವಾಚಿಸುವ ಗಮಕಿಯ ಎದುರು ಮೈಕು ಇಟ್ಟು ಕೂತವರಿಗೆ ಆ ಕಲೆಯ ಕಷ್ಟ ಗೊತ್ತು. ಅಲ್ಲಿ ತಾಳವಿಲ್ಲ, ರಾಗ ರಸವನ್ನು ನೋಡಿಕೊಂಡು ಬದಲಾಗುತ್ತದೆ. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ಗಣಗಳನ್ನು ಲೆಕ್ಕಕ್ಕೆ ಒಡೆದರೆ ಪದ ತುಂಡಾಗಿ ಅರ್ಥ ಕೆಡುತ್ತದೆ. ಅರ್ಥ ನೋಡಿ ಪದ ಬಿಡಿಸುತ್ತಲೇ ನಡೆಯನ್ನೂ ಕಾಯುವವನು ಗಮಕಿ. ಶಿವಮೊಗ್ಗ ಬಳಿಯ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರದು ಅಂಥ ಶಾರೀರವಾಗಿತ್ತು. ಅವರಿಗೆ ಪದ್ಮಶ್ರೀ ಬಂದದ್ದು 2022ರಲ್ಲಿ, ತೀರಾ ತಡವಾಗಿ. ಗಮಕವೆಂದರೆ ಸಂಗೀತ ಕಚೇರಿಯ ಬಡ ತಂಗಿ ಎಂದುಕೊಂಡ ವಿಮರ್ಶಕರು ಇಂದಿಗೂ ಇದ್ದಾರೆ.

ಕ್ಯಾಸೆಟ್ಟು ಹಾಡಿಗೆ ಒಲಿದಷ್ಟು ಕಾವ್ಯಕ್ಕೆ ಒಲಿಯಲಿಲ್ಲ. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟಿನಿಂದ ಭಾವಗೀತೆಗೆ ಮಾರುಕಟ್ಟೆ ತೆರೆಯಿತು, ಆದರೆ ಭಾರತದ ಇಡೀ ಪರ್ವವೊಂದನ್ನು ವಾಚಿಸಿ ಮಾರುವ ಧೈರ್ಯ ಎಷ್ಟು ಜನಕ್ಕಿತ್ತು? ಒಂದು ನಿಲಯದಲ್ಲಂತೂ ಟೇಪು ಸಾಲದೆ, ಹಳೆಯ ವಾಚನವನ್ನು ಅಳಿಸಿ ಅದರ ಮೇಲೆ ಗೊಬ್ಬರದ ಕುರಿತ ಸಂದರ್ಶನ ಮುದ್ರಿಸಿದ್ದನ್ನು ಕಂಡಿದ್ದೇನೆ. ಉಳಿದದ್ದರಲ್ಲಿ ಒಂದಷ್ಟು ಈಗ ಯೂಟ್ಯೂಬಿನಲ್ಲಿ ಸಿಗುತ್ತದೆ. ಹೊಸಬರು ವ್ಯಾಖ್ಯಾನ ಇರುವುದನ್ನೇ ಹುಡುಕಬೇಕು. ಬರೀ ವಾಚನ ಮೊದಲ ಸಲಕ್ಕೆ ದಕ್ಕುವುದಿಲ್ಲ.

ಆಡಿಯೊ ಪುಸ್ತಕದ ಆ್ಯಪ್‌ಗಳಾದ ಮೈಲ್ಯಾಂಗ್, ಸ್ಟೋರಿಟೆಲ್‌ಗಳಂಥವು ಬಂದ ಮೇಲೆ ಕಾದಂಬರಿಗೂ ದನಿ ಬಂತು, ಒಳ್ಳೆಯದೇ. ಆದರೆ ಗದ್ಯ ಓದುವುದಕ್ಕೆ ನಮ್ಮಲ್ಲಿ ಗಮಕದಂಥ ಪರಂಪರೆ ಬೆಳೆಯಲಿಲ್ಲ. ಬಹುಪಾಲು ವಾಚಕರು ವಾರ್ತೆ ಓದುವ ದನಿಯಲ್ಲೋ ನಾಟಕದ ಅಬ್ಬರದಲ್ಲೋ ಓದುತ್ತಾರೆ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಕಾಗದದ ಮೇಲೆ ಎಷ್ಟೋ ಜನರನ್ನು ತಡವರಿಸುವಂತೆ ಮಾಡಿತು. ನಂಜನಗೂಡು ಸೀಮೆಯ ಬಾಯಲ್ಲಿ ಅದು ಸಲೀಸು. ಕಾರಂತರಿಗೆ ಕರಾವಳಿಯ ನಾಲಗೆ ಬೇಕು, ಬೇಂದ್ರೆಗೆ ಧಾರವಾಡದ್ದು. ಸ್ಟುಡಿಯೊ ಬೆಂಗಳೂರಿನಲ್ಲಿದೆ ಎಂಬ ಕಾರಣಕ್ಕೆ ಎಲ್ಲರಿಗೂ ಒಂದೇ ಕನ್ನಡ ಹಂಚುವುದು ಅನ್ಯಾಯ.

ಹಳೆಯ ಗದ್ಯವನ್ನು ಓದಿಸಲು ಹಕ್ಕಿನ ತೊಡಕೂ ಇಲ್ಲ: ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ 60 ವರ್ಷಕ್ಕೆ ಕೃತಿಸ್ವಾಮ್ಯದ ಹಕ್ಕು ಮುಗಿಯುತ್ತದೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899), ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’, ಗಳಗನಾಥರ ಕಾದಂಬರಿಗಳು, ಮುದ್ದಣನ ‘ರಾಮಾಶ್ವಮೇಧ’ ಇವನ್ನೆಲ್ಲ ಓದಿ ಮುದ್ರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳು ವರ್ಷಕ್ಕೆ ಒಂದೊಂದನ್ನಾದರೂ, ಒಂದು ಪುಟವನ್ನೂ ಬಿಡದೆ, ಆಯಾ ಸೀಮೆಯವರಿಂದಲೇ ಓದಿಸಲಿ. ಓದಿದವರ ಹೆಸರನ್ನು ಲೇಖಕರ ಹೆಸರಿನ ಪಕ್ಕದಲ್ಲೇ ಹಾಕಲಿ.