ಕಣ್ಣೀರಿಡುವ ಮರಗಳ ದ್ವೀಪ

ಯುನಾನಿ ವೈದ್ಯರ ಮದ್ದುಗಳಲ್ಲಿ 'ರೂಮಿ ಮಸ್ತಗಿ' ಎಂಬ ವಸ್ತುವೊಂದು ಬರುತ್ತದೆ. ಕಲ್ಲುಸಕ್ಕರೆಯ ಚೂರುಗಳಂತೆ ಕಾಣುವ, ನಸುಹಳದಿಯ ರಾಳದ ಹನಿಗಳವು. ಬಾಯಿಗೆ ಹಾಕಿಕೊಂಡರೆ ಮೊದಲು ಪುಡಿಪುಡಿಯಾಗುತ್ತವೆ. ಜಗಿಯುತ್ತ ಹೋದಂತೆ ಮೇಣದ ಹಾಗೆ ಮೆತ್ತಗಾಗಿ, ಒಗರು ಬೆರೆತ ಒಂದು ಕಾಡುಗಂಪನ್ನು ಬಿಡುತ್ತವೆ. ಹೊಟ್ಟೆಯ ಬೇನೆಗೆ ಹಕೀಮರು ಇದನ್ನು ಕೊಡುತ್ತ ಬಂದಿದ್ದಾರೆ. 'ರೂಮಿ' ಎಂದರೆ ರೂಮ್ ದೇಶದ್ದು. ಅಂದರೆ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಗಳ ಸೀಮೆಯದು. ಹೆಸರಿನಲ್ಲಿರುವ ಸೀಮೆ ಇಷ್ಟು ವಿಶಾಲವಾದರೂ ವಸ್ತು ಹುಟ್ಟುವ ನೆಲ ತೀರ ಚಿಕ್ಕದು. ಅದು ಗ್ರೀಸಿನ ಖಿಯೋಸ್ ದ್ವೀಪ; ಅದರಲ್ಲಿಯೂ ದ್ವೀಪದ ದಕ್ಷಿಣ ಭಾಗದ ಇಪ್ಪತ್ತು ಚಿಲ್ಲರೆ ಹಳ್ಳಿಗಳು ಮಾತ್ರ. ಈ ಹೊತ್ತು ಆ ದ್ವೀಪವನ್ನು ಕುರಿತು ನಾಲ್ಕು ಮಾತು.

ಏಜಿಯನ್ ಸಮುದ್ರದ ಪೂರ್ವದ ಅಂಚಿನಲ್ಲಿ, ತುರ್ಕಿಯ ದಡಕ್ಕೆ ಅತ್ಯಂತ ಸಮೀಪದಲ್ಲಿ ಕೇವಲ ಏಳು ಕಿಲೋಮೀಟರುಗಳ ಅಂತರದಲ್ಲಿ ಖಿಯೋಸ್ ಇದೆ. ವಿಸ್ತೀರ್ಣ ೮೪೦ ಚದರ ಕಿಲೋಮೀಟರುಗಳಷ್ಟು; ಇಂದಿನ ಜನಸಂಖ್ಯೆ ಸುಮಾರು ಐವತ್ತು ಸಾವಿರ. ಉತ್ತರದಲ್ಲಿ ಬೋಳು ಬೆಟ್ಟಗಳು, ನಡುವೆ ಕಿತ್ತಳೆ ನಿಂಬೆಗಳ ತೋಟ, ತೆಂಕಣಕ್ಕೆ ಮಸ್ತಗಿಯ ಕುಳ್ಳು ಮರಗಳು. ವಸಂತದಲ್ಲಿ ಹೊಲಗಳ ಬದುಗಳಲ್ಲಿ ಕೆಂಪು ಕಾಡುಟ್ಯೂಲಿಪ್ ಹೂ ಅರಳುತ್ತವೆ. ಎಂಪೊರಿಯೊಸ್ ಎಂಬಲ್ಲಿ, ಬಹು ಹಿಂದೆ ತಣ್ಣಗಾದ ಜ್ವಾಲಾಮುಖಿಯೊಂದರ ಕೃಪೆಯಿಂದ, ಸಮುದ್ರದ ದಡದಲ್ಲಿ ಮರಳಿಲ್ಲ. ನುಣುಪಾದ ಕಪ್ಪು ಉರುಟುಗಲ್ಲುಗಳಿವೆ. ಅಲೆ ಹಿಂದೆ ಸರಿಯುವಾಗ ಅವು ಒಂದರ ಮೇಲೊಂದು ಉರುಳಿ ಸದ್ದು ಮಾಡುತ್ತವೆ. ಪ್ರವಾಸಿಯ ಕಣ್ಣಿಗೆ ಇಷ್ಟು ಸಾಕು. ಆದರೆ ಇತಿಹಾಸದ ವಿದ್ಯಾರ್ಥಿಗೆ ಈ ದ್ವೀಪ ಬೇರೆಯ ಕಾರಣಕ್ಕೆ ಮುಖ್ಯವಾಗಿದೆ. ಮನುಷ್ಯನ ಸ್ವಾತಂತ್ರ್ಯ ಮತ್ತು ದಾಸ್ಯ ಎಂಬ ಎರಡು ಕಥೆಗಳು ಇಲ್ಲಿ ಹೆಣೆದುಕೊಂಡಂತೆ ಬೇರೆ ಕಡೆ ಹೆಣೆದುಕೊಂಡಿರುವುದು ವಿರಳ.

ಹೋಮರ್ ಮಹಾಕವಿ ತಮ್ಮವನೆಂದು ಹೇಳಿಕೊಂಡ ಊರುಗಳು ಹಲವು. ಅವುಗಳಲ್ಲಿ ಖಿಯೋಸಿನ ಹಕ್ಕು ತಕ್ಕಮಟ್ಟಿಗೆ ಗಟ್ಟಿಯಾದುದು. ಹೋಮರನ ವಂಶದವರೆಂದು ಹೇಳಿಕೊಂಡು ಆತನ ಕಾವ್ಯಗಳನ್ನು ಹಾಡುತ್ತಿದ್ದವರ ಬಳಗವೊಂದು ಇಲ್ಲಿತ್ತು. ಅಪೊಲೊ ದೇವನ ಸ್ತೋತ್ರದಲ್ಲಿ ಬರುವ ಖಿಯೋಸಿನ ಅಂಧಗಾಯಕ ಹೋಮರನೇ ಎಂದು ತ್ಯೂಸಿಡಿಡೀಸನಂಥ ಕಟ್ಟುನಿಟ್ಟಿನ ಇತಿಹಾಸಕಾರನೂ ನಂಬಿದ್ದ. ವ್ರೊಂಟಾಡೋಸ್ ಎಂಬ ಊರಿನ ಕಡಲ ತಡಿಯಲ್ಲಿ 'ಗುರುವಿನ ಬಂಡೆ' ಎಂಬುದೊಂದಿದೆ. ಅದರ ಮೇಲೆ ಕುಳಿತು ಹೋಮರ್ ಶಿಷ್ಯರಿಗೆ ಪಾಠ ಹೇಳಿದನಂತೆ. ಅದು ಸಿಬೆಲೆ ಎಂಬ ಮಾತೃದೇವತೆಯ ಪೂಜಾಸ್ಥಾನವಾಗಿತ್ತೆಂಬುದು ಪುರಾತತ್ತ್ವಜ್ಞರ ಅಭಿಪ್ರಾಯ. ಅಮ್ಮನವರ ಪೀಠದ ಮೇಲೆ ಕವಿಯನ್ನು ಕೂರಿಸಿದ ಜನರ ಮೇಲೆ ನಾವಂತೂ ಕೋಪಿಸಿಕೊಳ್ಳಬೇಕಾಗಿಲ್ಲ.

ಈ ದ್ವೀಪದಲ್ಲಿ ದೊರೆತ, ಕ್ರಿಸ್ತಪೂರ್ವ ಆರನೆಯ ಶತಮಾನದ ಶಾಸನವೊಂದು 'ಜನರ ಸಭೆ'ಯನ್ನು ಹೆಸರಿಸುತ್ತದೆ. ಅಧಿಕಾರಿಯ ತೀರ್ಪಿನಿಂದ ಅನ್ಯಾಯವಾಯಿತೆಂದು ಕಂಡವನು ಆ ಸಭೆಗೆ ಮೊರೆಯಿಡಬಹುದಾಗಿತ್ತು. ಗ್ರೀಕರ ಪ್ರಜಾಸತ್ತೆಗೆ ನಮಗೆ ದೊರೆತಿರುವ ಅತಿ ಪ್ರಾಚೀನ ಸಾಕ್ಷ್ಯಗಳಲ್ಲಿ ಇದೂ ಒಂದು. ಅದೇ ಖಿಯೋಸಿನ ಬಗ್ಗೆ ಅಲ್ಲಿಯವನೇ ಆದ ಇತಿಹಾಸಕಾರ ಥಿಯೊಪೊಂಪಸ್ ಇನ್ನೊಂದು ಮಾತು ಬರೆದಿಟ್ಟಿದ್ದಾನೆ. ಗ್ರೀಕರಲ್ಲಿ ಹಣ ಕೊಟ್ಟು ಪರದೇಶದ ಗುಲಾಮರನ್ನು ಕೊಂಡು ದುಡಿಸಿಕೊಂಡವರಲ್ಲಿ ಖಿಯೋಸಿನವರೇ ಮೊದಲಿಗರಂತೆ. ಒಂದೇ ನೆಲದಲ್ಲಿ ಇವೆರಡೂ ಮೊದಲಾದುದು ಕಾಕತಾಳೀಯವಲ್ಲ ಎಂದು ಎತ್ತಿ ತೋರಿಸಿದವನು ಮೋಸೆಸ್ ಫಿನ್ಲಿ ಎಂಬ ವಿದ್ವಾಂಸ. ನಾಡಿನ ಬಡವನನ್ನು ಸಾಲದ ಜೀತಕ್ಕೆ ಎಳೆಯಲಾಗದು, ಅವನಿಗೂ ಸಭೆಯಲ್ಲಿ ಸ್ಥಾನವುಂಟು ಎಂದಾದಾಗ ದುಡಿಯುವ ಕೈಗಳನ್ನು ಹೊರಗಿನಿಂದ ಕೊಂಡು ತರಬೇಕಾಯಿತು. ಗ್ರೀಕರಲ್ಲಿ ಸ್ವಾತಂತ್ರ್ಯವೂ ಗುಲಾಮಗಿರಿಯೂ ಕೈಕೈ ಹಿಡಿದು ಬೆಳೆದುವು ಎಂಬುದು ಅವನ ವಾದ. ಸ್ಪಾರ್ಟಾ ಒಂದನ್ನು ಬಿಟ್ಟರೆ ಅತ್ಯಧಿಕ ಗುಲಾಮರಿದ್ದುದು ಖಿಯೋಸಿನಲ್ಲಿ ಎಂದು ತ್ಯೂಸಿಡಿಡೀಸನೂ ಹೇಳಿದ್ದಾನೆ. ಇಲ್ಲಿಯ ದ್ರಾಕ್ಷಾರಸ ಆ ಕಾಲದಲ್ಲಿ ಹೆಸರಾಂತದ್ದು. ಅದನ್ನು ತುಂಬಿದ ಮಣ್ಣಿನ ಗಡಿಗೆಗಳು ದೂರ ದೂರದ ರೇವುಗಳಲ್ಲಿ ದೊರೆತಿವೆ. ಆ ದ್ರಾಕ್ಷಿಯನ್ನು ಬೆಳೆದವರು ಯಾರೆಂಬುದನ್ನು ಗಡಿಗೆಗಳು ಹೇಳುವುದಿಲ್ಲ.

ಹೇಳುವ ಕಥೆಯೊಂದು ಮಾತ್ರ ಉಳಿದಿದೆ. ಸಿರಾಕ್ಯೂಸಿನ ನಿಂಫೊಡೊರಸ್ ಬರೆದುದನ್ನು ಅಥೀನಿಯಸ್ ತನ್ನ ಗ್ರಂಥದಲ್ಲಿ ಉದ್ಧರಿಸಿ ಉಳಿಸಿದ್ದಾನೆ. ಒಡೆಯರಿಂದ ತಪ್ಪಿಸಿಕೊಂಡು ಖಿಯೋಸಿನ ಬೆಟ್ಟಗಳನ್ನು ಸೇರಿದ ಗುಲಾಮರಿಗೆ ದ್ರಿಮಾಕಸ್ ಎಂಬವನು ನಾಯಕನಾದ. ಊರಿನವರು ದಂಡೆತ್ತಿ ಹೋದಾಗಲೆಲ್ಲ ಸೋತು ಬಂದರು. ಕೊನೆಗೆ ಅವನೇ ಒಂದು ಒಪ್ಪಂದವನ್ನು ಮುಂದಿಟ್ಟ. ತನಗೆ ಬೇಕಾದುದನ್ನು ಅಳತೆ ತೂಕಗಳ ಪ್ರಕಾರ ತೆಗೆದುಕೊಂಡು, ಉಗ್ರಾಣಕ್ಕೆ ತನ್ನ ಮುದ್ರೆಯೊತ್ತಿ ಹಾಗೆಯೇ ಬಿಡುವೆನೆಂದ. ಓಡಿ ಬಂದ ಗುಲಾಮನನ್ನು ವಿಚಾರಿಸುವೆ. ಸಹಿಸಲಾಗದ ಹಿಂಸೆ ಅನುಭವಿಸಿದ್ದರೆ ಇಟ್ಟುಕೊಳ್ಳುವೆ, ತಕ್ಕ ಕಾರಣ ಹೇಳದಿದ್ದರೆ ಒಡೆಯನಿಗೆ ಮರಳಿಸುವೆ ಎಂದ. ಒಡೆಯರು ಒಪ್ಪಿಕೊಂಡರು. ಓಡಿಹೋಗುವವರು ಕಡಿಮೆಯಾದರು. ಆದರೂ ಊರು ಅವನ ತಲೆಗೆ ಬೆಲೆ ಕಟ್ಟುವುದನ್ನು ಬಿಡಲಿಲ್ಲ. ಮುಪ್ಪು ಬಂದಾಗ ದ್ರಿಮಾಕಸ್ ತನ್ನ ಪ್ರೀತಿಯ ತರುಣನನ್ನು ಕರೆದು, "ನಾನು ಬಾಳಿದ್ದಾಯಿತು, ನೀನಿನ್ನೂ ಚಿಕ್ಕವನು. ನನ್ನ ತಲೆ ಕಡಿದೊಯ್ದು ಹಣ ಪಡೆದು ನಿನ್ನ ನಾಡಿಗೆ ಹೋಗಿ ಸುಖವಾಗಿರು" ಎಂಬರ್ಥದಲ್ಲಿ ಹೇಳಿದನಂತೆ. ಹುಡುಗ ಒಪ್ಪಲಿಲ್ಲ, ಕಡೆಗೆ ಒಪ್ಪಿದ. ದ್ರಿಮಾಕಸ್ ಇಲ್ಲವಾದ ಮೇಲೆ ಕಳವು ಕೊಳ್ಳೆಗಳು ಹೆಚ್ಚಿ, ಒಡೆಯರಿಗೇ ಅವನ ನ್ಯಾಯದ ನೆನಪಾಗಿ, ಅವನಿಗೊಂದು ಗುಡಿ ಕಟ್ಟಿದರು. 'ದಯಾಳು ವೀರ' ಎಂದು ಹೆಸರಿಟ್ಟರು. ಆ ಗುಡಿಗೆ ನಡೆದುಕೊಂಡವರಲ್ಲಿ ಎರಡು ಬಗೆಯಿದ್ದರು. ಓಡಿಹೋದ ಗುಲಾಮರು ಕದ್ದುದರಲ್ಲಿ ಮೊದಲ ಪಾಲನ್ನು ಅವನಿಗೆ ಒಪ್ಪಿಸುತ್ತಿದ್ದರು. ಒಡೆಯರ ಕನಸಿನಲ್ಲಿ ಬಂದು ಆಳುಗಳ ಒಳಸಂಚನ್ನು ತಿಳಿಸುವವನೂ ಅವನೇ ಎಂದು ಒಡೆಯರು ನಂಬಿದ್ದರು. ಗುಲಾಮರ ಮಾತೇ ದಾಖಲಾಗದ ಪ್ರಾಚೀನ ಗ್ರಂಥರಾಶಿಯಲ್ಲಿ ಈ ಒಂದು ಪುಟ ದೊಡ್ಡದು. ಕ್ರಿಸ್ತಪೂರ್ವ ೮೬ರಲ್ಲಿ ಪೊಂಟಸ್ಸಿನ ದೊರೆ ಮಿತ್ರಿಡೇಟಿಸ್ ಈ ಊರನ್ನು ಹಿಡಿದು, ನಿವಾಸಿಗಳನ್ನು ಅವರವರ ಗುಲಾಮರ ಕೈಗೇ ಒಪ್ಪಿಸಿ ಕಪ್ಪುಸಮುದ್ರದಾಚೆಯ ಕೊಲ್ಕಿಸ್ಸಿಗೆ ಸಾಗಹಾಕಿದ ಸಂಗತಿಯನ್ನು ಹೇಳುವಾಗ ಅಥೀನಿಯಸ್, ಮನುಷ್ಯರನ್ನು ಕೊಂಡದ್ದಕ್ಕೆ ದೇವರು ಕೊಟ್ಟ ಶಿಕ್ಷೆಯಿದು ಎನ್ನುತ್ತಾನೆ. ದೇವರ ಲೆಕ್ಕ ನಮಗೆ ಬೇಡ. ಮುಂದಿನ ಇತಿಹಾಸ ಅದಕ್ಕಿಂತ ಕ್ರೂರವಾಗಿದೆ.

ಅದಕ್ಕೆ ಮೊದಲು ನಿಯಾ ಮೋನಿ ಮಠವನ್ನು ನೋಡಬೇಕು. ಬೆಟ್ಟದ ಮೇಲೆ ಮೂವರು ಸನ್ಯಾಸಿಗಳಿಗೆ ಪೊದೆಯೊಂದರಲ್ಲಿ ಮಾತೆ ಮೇರಿಯ ಚಿತ್ರಪಟ ದೊರೆಯಿತು. ಲೆಸ್ಬೊಸ್ ದ್ವೀಪದಲ್ಲಿ ದೇಶಭ್ರಷ್ಟನಾಗಿದ್ದ ಕಾನ್‌ಸ್ಟಾಂಟೈನ್ ಮೊನೊಮಾಖಸನಿಗೆ ನೀನು ಚಕ್ರವರ್ತಿಯಾಗುವೆಯೆಂದು ಅವರು ಭವಿಷ್ಯ ನುಡಿದರು. ೧೦೪೨ರಲ್ಲಿ ಹಾಗೆಯೇ ಆದಾಗ ಅವನು ಮಾತಿಗೆ ತಪ್ಪದೆ ಮಠ ಕಟ್ಟಿಸಿದ ಎಂಬುದು ಐತಿಹ್ಯ. ಎಂಟು ಮೂಲೆಗಳ ಗರ್ಭಾಂಗಣ, ಚಿನ್ನದ ಹಿನ್ನೆಲೆಯಲ್ಲಿ ಬಣ್ಣಬಣ್ಣದ ಗಾಜು ಕಲ್ಲುಗಳನ್ನು ಕೂಡಿಸಿ ಮಾಡಿದ ಭಿತ್ತಿಚಿತ್ರಗಳು ಇವು ಹನ್ನೊಂದನೆಯ ಶತಮಾನದ ಬೈಜಾಂಟಿಯನ್ ಕಲೆಯ ಶ್ರೇಷ್ಠ ಮಾದರಿಗಳು. ಮುಖಗಳಲ್ಲಿ ನಯ ಕಡಿಮೆ, ಕಸುವು ಹೆಚ್ಚು. ದಪ್ಪ ಗೆರೆ, ಕಪ್ಪು ನೆರಳು. ೧೮೮೧ರ ಭೂಕಂಪದಲ್ಲಿ ಗುಮ್ಮಟ ಕುಸಿದುಬಿತ್ತು. ಉಳಿದ ಚಿತ್ರಗಳೇ ಇಂದು ನೋಡಸಿಗುವುದು. ೧೯೯೦ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಈ ಮಠದ ಬಾಗಿಲ ಬಳಿಯ ಸಣ್ಣ ಪ್ರಾರ್ಥನಾಮಂದಿರದಲ್ಲಿ ಗಾಜಿನ ಕಪಾಟಿನೊಳಗೆ ತಲೆಬುರುಡೆಗಳನ್ನು ಜೋಡಿಸಿಟ್ಟಿದ್ದಾರೆ. ಆ ವಿಷಯ ಮುಂದೆ ಬರುತ್ತದೆ.

೧೩೪೬ರಲ್ಲಿ ಜಿನೋವಾದ ವರ್ತಕರು ದ್ವೀಪವನ್ನು ಹಿಡಿದರು. ರಾಜ್ಯವಾಳುವುದಕ್ಕಿಂತ ಮಸ್ತಗಿಯ ವ್ಯಾಪಾರವೇ ಅವರ ಗುರಿ. ಪಾಲುದಾರರ ಒಂದು ಕೂಟ ಇನ್ನೂರಕ್ಕೂ ಹೆಚ್ಚು ವರ್ಷ ದ್ವೀಪವನ್ನು ಆಳಿತು. ನಮ್ಮ ದೇಶವನ್ನು ಆಮೇಲೆ ಆಳಿದ ಒಂದು ಕಂಪನಿಯ ನೆನಪು ಇಲ್ಲಿ ತಾನಾಗಿ ಬರುತ್ತದೆ. ತೆಂಕಣದ ಹಳ್ಳಿಗಳನ್ನು ಅವರು ಕೋಟೆಗಳಂತೆ ಕಟ್ಟಿಸಿದರು. ಮೆಸ್ತಾ ಎಂಬ ಹಳ್ಳಿಯನ್ನು ಇಂದಿಗೂ ನೋಡಬಹುದು: ಹೊರಸುತ್ತಿನ ಮನೆಗಳ ಬೆನ್ನುಗಳೇ ಊರಿನ ಕೋಟೆಗೋಡೆ, ಒಳಗೆ ಕಮಾನುಗಳ ಕೆಳಗೆ ನುಸುಳುವ, ಹೊಸಬನಿಗೆ ದಿಕ್ಕು ತಪ್ಪಿಸುವ ಓಣಿಗಳು, ನಡುವೆ ಗೋಪುರ. ಕಡಲುಗಳ್ಳರಿಂದ ಹಳ್ಳಿಗರ ರಕ್ಷಣೆಗೆಂದು ಹೇಳುತ್ತಾರೆ. ರಕ್ಷಣೆ ಹಳ್ಳಿಗರಿಗೆಷ್ಟೋ ರಾಳಕ್ಕೂ ಅಷ್ಟೇ. ಒಕ್ಕಲಿಗ ತಾನೇ ಬೆಳೆದ ಮಸ್ತಗಿಯನ್ನು ಬಚ್ಚಿಟ್ಟು ಮಾರಿದರೆ ಅದು ಕಳ್ಳತನ. ತೂಕ ಹೆಚ್ಚಿದಂತೆ ಶಿಕ್ಷೆಯೂ ಛಡಿಯೇಟಿನಿಂದ ಅಂಗಚ್ಛೇದದವರೆಗೆ ಏರುತ್ತಿತ್ತು. ಕ್ರಿಸ್ಟೋಫರ್ ಕೊಲಂಬಸ್ ಈ ಕಾಲದಲ್ಲಿ ಇಲ್ಲಿಗೆ ಬಂದಿದ್ದ. ೧೪೯೩ರ ತನ್ನ ಪ್ರಸಿದ್ಧ ಪತ್ರದಲ್ಲಿ, ಹೊಸ ನಾಡಿನಿಂದ ಮಸ್ತಗಿಯನ್ನೂ ತಂದುಕೊಡುವೆನೆಂದು ದೊರೆಗಳಿಗೆ ಆಸೆ ಹುಟ್ಟಿಸಿದ. ಅಲ್ಲಿ ಅವನು ಕಂಡದ್ದು ಬೇರೆ ಯಾವುದೋ ಮರ. ಪಿರ್ಗಿ ಎಂಬ ಹಳ್ಳಿಯವರು ಕೊಲಂಬಸನ ಮನೆಯೆಂದು ಒಂದನ್ನು ತೋರಿಸುತ್ತಾರೆ. ನಂಬುವುದು ನೋಡುವವರಿಗೆ ಬಿಟ್ಟದ್ದು. ಪಿರ್ಗಿಯಲ್ಲಿ ಅದಕ್ಕಿಂತ ನೋಡತಕ್ಕದ್ದು ಮನೆಗಳ ಗೋಡೆ. ಕಪ್ಪುಛಾಯೆಯ ಗಾರೆಯ ಮೇಲೆ ಬಿಳಿಯ ಸುಣ್ಣ ಬಳಿದು, ಹಸಿಯಿರುವಾಗಲೇ ಕೆರೆದು ತೆಗೆದ ತ್ರಿಕೋನ, ವಜ್ರ, ಚಕ್ರಗಳ ಚಿತ್ತಾರ ನೆಲದಿಂದ ಸೂರಿನವರೆಗೆ ಹಬ್ಬಿದೆ. ನಮ್ಮ ಅಂಗಳದ ರಂಗವಲ್ಲಿ ಎದ್ದು ಗೋಡೆಗೆ ಒರಗಿದಂತೆ!

೧೫೬೬ರಲ್ಲಿ ದ್ವೀಪ ತುರ್ಕಿ ಸುಲ್ತಾನರ ಕೈಸೇರಿತು. ಅವರ ಆಳಿಕೆಯಲ್ಲಿ ಮಸ್ತಗಿ ಹಳ್ಳಿಗಳಿಗೆ ಬೇರೆಯ ಆಡಳಿತ, ಕೆಲವು ರಿಯಾಯಿತಿ, ಕಂದಾಯ ರಾಳದಲ್ಲಿ. ಇಸ್ತಾಂಬುಲಿನ ಅಂತಃಪುರದ ಹೆಂಗಸರು ಜಗಿಯುತ್ತಿದ್ದುದು ಇದನ್ನೇ. ಒಟ್ಟಿನಲ್ಲಿ ಖಿಯೋಸಿನವರು ಅನುಕೂಲವಂತರಾಗಿಯೇ ಇದ್ದರು. ಆದ್ದರಿಂದಲೇ ೧೮೨೧ರಲ್ಲಿ ಗ್ರೀಕರು ದಂಗೆಯೆದ್ದಾಗ ಇವರು ತಟಸ್ಥರಾಗಿ ಉಳಿಯಲೆತ್ನಿಸಿದರು. ೧೮೨೨ರ ಮಾರ್ಚಿಯಲ್ಲಿ ನೆರೆಯ ಸಾಮೊಸ್ ದ್ವೀಪದಿಂದ ಲಿಕುರ್ಗೊಸ್ ಲೊಗೊಥೆಟಿಸ್ ಪಡೆಯೊಂದಿಗೆ ಬಂದಿಳಿದು ಇಲ್ಲಿ ಬಂಡಾಯದ ಬಾವುಟ ಹಾರಿಸಿದ. ಸುಲ್ತಾನನ ನೌಕಾಪತಿ ಕಾರಾ ಅಲಿ ಬಂದಾಗ ಸಾಮೊಸಿನ ಪಡೆ ನಿಲ್ಲಲಿಲ್ಲ, ನಿಂತವರು ಊರಿನವರು. ಮುಂದೆ ನಡೆದುದು ಕಗ್ಗೊಲೆ. ಸತ್ತವರ ಸಂಖ್ಯೆ ಹತ್ತಾರು ಸಾವಿರ. ಗುಲಾಮರಾಗಿ ಮಾರಾಟವಾದವರು ಅದಕ್ಕೂ ಹೆಚ್ಚು. ನಿಯಾ ಮೋನಿಯಲ್ಲಿ ಆಶ್ರಯ ಪಡೆದವರನ್ನು ಅಲ್ಲಿಯೇ ಕೊಂದರು. ಆ ಬುರುಡೆಗಳು ಅವರವು, ಹಲವುಗಳ ಮೇಲೆ ಕತ್ತಿಯ ಗಾಯದ ಗುರುತಿದೆ. ಹಿಂದಿನ ವರ್ಷವೇ ಟ್ರಿಪೊಲಿಟ್ಸಾದಲ್ಲಿ ಗ್ರೀಕರು ತುರ್ಕರ ಹೆಂಗಸರು ಮಕ್ಕಳನ್ನು ಬಿಡದೆ ಕೊಂದಿದ್ದರೆಂಬುದನ್ನು ಇತಿಹಾಸಕಾರ ಮರೆಮಾಚುವಂತಿಲ್ಲ. ಅದರಿಂದ ಖಿಯೋಸಿನ ಮಕ್ಕಳ ಸಾವು ಹಗುರವಾಗುವುದೂ ಇಲ್ಲ.

ಮಸ್ತಗಿ ಹಳ್ಳಿಗಳನ್ನು ಮಾತ್ರ ಮೊದಲಿಗೆ ಉಳಿಸಿದರು. ಕರುಣೆಯಿಂದಲ್ಲ, ಮರ ಕೆತ್ತಲು ಕೈಗಳು ಬೇಕಾಗಿದ್ದುವು. ಅದೇ ಜೂನ್ ತಿಂಗಳಲ್ಲಿ, ತುರ್ಕರು ರಂಜಾನಿನ ಉಪವಾಸ ಮುಗಿಸಿ ಹಬ್ಬ ಆಚರಿಸುತ್ತಿದ್ದ ರಾತ್ರಿ, ಪ್ಸಾರಾ ದ್ವೀಪದ ಕನಾರಿಸ್ ಎಂಬ ನಾವಿಕ ಸಿಡಿಮದ್ದು ತುಂಬಿದ ಹಡಗೊಂದನ್ನು ನೌಕಾಪತಿಯ ಹಡಗಿಗೆ ತಗುಲಿಸಿ ಬೆಂಕಿಯಿಟ್ಟ. ಕಾರಾ ಅಲಿಯೂ ಅವನೊಡನೆ ಅಸಂಖ್ಯರೂ ಸತ್ತರು. ಗ್ರೀಸಿನಲ್ಲಿ ಕನಾರಿಸ್ ವೀರನಾದ. ಅವನ ಸಾಹಸಕ್ಕೆ ಪ್ರತೀಕಾರವಾಗಿ ಉಳಿದಿದ್ದ ಮಸ್ತಗಿ ಹಳ್ಳಿಗಳೂ ಹಾಳಾದುವು. ರಾಳ ಎರಡು ತಿಂಗಳಷ್ಟೇ ಕಾಯಿತು. ೧೮೨೪ರಲ್ಲಿ ದೆಲಾಕ್ರವಾ ಬರೆದ, ಇಂದು ಲೂವ್ರ್ ಸಂಗ್ರಹಾಲಯದಲ್ಲಿರುವ ದೊಡ್ಡ ಚಿತ್ರದಲ್ಲಿ ಯುದ್ಧವೇ ಇಲ್ಲ. ಸಾಯಲು ಅಥವಾ ಮಾರಾಟವಾಗಲು ಕಾದು ಕುಳಿತ ಸಂಸಾರಗಳಿವೆ, ಸತ್ತ ತಾಯಿಯ ಎದೆಯ ಮೇಲೊಂದು ಕೂಸಿದೆ. ವಿಕ್ಟರ್ ಹ್ಯೂಗೊ ಖಿಯೋಸಿನ ಮಗುವೊಂದನ್ನು ಕುರಿತು ಪದ್ಯ ಬರೆದ. ಯುರೋಪಿನ ಮನಸ್ಸು ಗ್ರೀಕರ ಕಡೆಗೆ ತಿರುಗಿದುದರಲ್ಲಿ ಈ ದ್ವೀಪದ ಹೆಣಗಳ ಪಾಲು ಸಣ್ಣದಲ್ಲ.

ಬದುಕಿ ಹೊರಬಿದ್ದವರೂ, ಅದಕ್ಕೆ ಮುಂಚೆಯೇ ವ್ಯಾಪಾರಕ್ಕೆಂದು ಹೊರನಾಡು ಸೇರಿದ್ದವರೂ ಲಂಡನ್ನಿನಲ್ಲಿ, ಮಾರ್ಸೇಲ್ಸಿನಲ್ಲಿ, ಒಡೆಸ್ಸಾದಲ್ಲಿ ದೊಡ್ಡ ವರ್ತಕರಾದರು. ಅವರಲ್ಲಿ ರ‍್ಯಾಲಿ ಮನೆತನದವರು ೧೮೫೧ರಲ್ಲಿ ಕಲ್ಕತ್ತೆಗೆ ಬಂದು ಸೆಣಬು ಹತ್ತಿಗಳ ವ್ಯಾಪಾರಕ್ಕೆ ನಿಂತರು. ಕೈಬದಲಾಗುತ್ತ ಬಂದ ಅವರ ಸಂಸ್ಥೆಯ ಹೆಸರು 'ರ‍್ಯಾಲಿಸ್' ಎಂದು ನಮ್ಮ ರೈತರು ಕೊಳ್ಳುವ ಕೀಟನಾಶಕದ ಡಬ್ಬಗಳ ಮೇಲೆ ಇಂದಿಗೂ ಇದೆ. ದ್ವೀಪ ಗ್ರೀಸಿಗೆ ಸೇರಿದ್ದು ೧೯೧೨ರಲ್ಲಿ. ಹತ್ತು ವರ್ಷಗಳ ಮೇಲೆ ಎದುರುದಡದಿಂದ ನಿರಾಶ್ರಿತರು ದೋಣಿಗಳಲ್ಲಿ ಬಂದರು. ನಡುಗುಡ್ಡದ ತುದಿಯಲ್ಲಿರುವ ಅನವಾತೊಸ್ ಎಂಬ ಹಳ್ಳಿಗೆ ಮಾತ್ರ ಜೀವ ಮರಳಲಿಲ್ಲ. ಬಂಡೆಯ ಬಣ್ಣದ ಬರಿಯ ಗೋಡೆಗಳು ಪ್ರಪಾತದ ಅಂಚಿನಲ್ಲಿ ನಿಂತಿವೆ.

ಮಸ್ತಗಿ ಬೆಳೆಗಾರರು ೧೯೩೮ರಲ್ಲಿ ತಮ್ಮದೇ ಒಕ್ಕೂಟ ಕಟ್ಟಿಕೊಂಡರು. ಆರು ಶತಮಾನಗಳ ಬಳಿಕ ಹನಿಯ ಬೆಲೆಯನ್ನು ಹೇಳುವವರು ಮರದ ಒಡೆಯರೇ ಆದರು. ೨೦೧೪ರಲ್ಲಿ ಈ ಕೃಷಿಯ ಅರಿವನ್ನೇ ಯುನೆಸ್ಕೊ ಪರಂಪರೆಯೆಂದು ಗುರುತಿಸಿತು. ರೋಮನ್ ಚಕ್ರವರ್ತಿ ಡೀಸಿಯಸನ ಕಾಲದಲ್ಲಿ ಪ್ರಾಣ ತೆತ್ತ ಸಂತ ಇಸಿದೋರನಿಗಾಗಿ ಮರಗಳು ಅತ್ತವೆಂದು ಹಳ್ಳಿಗರ ಕಥೆ. ಹನಿಗಳನ್ನು ಅವರು 'ಕಣ್ಣೀರು' ಎಂದೇ ಕರೆಯುತ್ತಾರೆ. ಬೇಸಗೆಯಲ್ಲಿ ಮರದ ಬುಡವನ್ನು ಗುಡಿಸಿ, ಬಿಳಿಯ ಸುಣ್ಣಮಣ್ಣನ್ನು ಹರಡಿ ಸಮ ಮಾಡುತ್ತಾರೆ. ಜುಲೈ ನಡುವಿನಿಂದ ತೊಗಟೆಗೆ ಸಣ್ಣ ಸಣ್ಣ ಗೀರು ಹಾಕುತ್ತಾರೆ. ಆ ಕೆಲಸಕ್ಕೆ ಅವರ ಮಾತಿನಲ್ಲಿ 'ಕಸೂತಿ' ಎಂಬ ಹೆಸರು. ಒಸರಿದ ರಾಳ ಬಿಳಿಯ ನೆಲದ ಮೇಲೆ ಬಿದ್ದು ಎರಡು ಮೂರು ವಾರಗಳಲ್ಲಿ ಗಟ್ಟಿಯಾಗುತ್ತದೆ. ೨೦೧೨ರ ಆಗಸ್ಟಿನಲ್ಲಿ ಕಾಡ್ಗಿಚ್ಚು ತೆಂಕಣಕ್ಕೆ ನುಗ್ಗಿ ಲೆಕ್ಕವಿಲ್ಲದಷ್ಟು ಮರಗಳನ್ನು ಸುಟ್ಟಿತು. ಈ ಮರವನ್ನು ಬೀಜದಿಂದಲ್ಲ, ಕಡ್ಡಿಯಿಂದ ಬೆಳೆಸುತ್ತಾರೆ. ನೆಟ್ಟ ಐದಾರು ವರ್ಷಕ್ಕೆ ಮೊದಲ ಹನಿ ಬರುತ್ತದೆ, ತುಂಬ ಫಲ ಕೊಡಲು ಇನ್ನೂ ಬಹುಕಾಲ ಬೇಕು. ಮಳೆಗಾಲವಾದ ಅಲ್ಲಿಯ ಚಳಿಗಾಲದಲ್ಲಿ ಪಿರ್ಗಿಯ ಹೆಂಗಸರು ಮನೆಯೊಳಗೆ ಮೇಜಿನ ಸುತ್ತ ಕುಳಿತು, ಸಣ್ಣ ಚಾಕುವಿನ ಮೊನೆಯಿಂದ ಹನಿಗಳಿಗಂಟಿದ ಮಣ್ಣನ್ನು ಒಂದೊಂದಾಗಿ ಬಿಡಿಸುತ್ತಾರೆ.